ಸ್ಟಾಕ್ ಬದಲಿಸಿದ ಮೇಲೆ ಆಕ್ಷನ್ ಸ್ಕ್ರೂ ಎಷ್ಟು ಬಿಗಿ ಮಾಡಬೇಕು?

ಓದುಗರ ಪ್ರಶ್ನೆ: ಅಮೆರಿಕದಲ್ಲಿದ್ದೇನೆ. ನನ್ನ ರೆಮಿಂಗ್ಟನ್ 700 ರೈಫಲ್‌ನ ಮರದ ಸ್ಟಾಕ್ ತೆಗೆದು, ಒಳಗೆ ಅಲ್ಯೂಮಿನಿಯಂ ಬ್ಲಾಕ್ ಇರುವ ಹೊಸ ಸ್ಟಾಕ್ ಹಾಕಿದ್ದೇನೆ. ಸ್ಕ್ರೂ ಬಿಗಿ ಮಾಡೋಕೆ ಒಬ್ಬರು 40 ಅಂತಾರೆ, ಇನ್ನೊಬ್ಬರು 65 ಅಂತಾರೆ. ಯಾರ ಮಾತು ಕೇಳಲಿ?

ನಿಮ್ಮ ಸ್ಟಾಕ್‌ಗೆ 65 ಇಂಚ್-ಪೌಂಡ್, ಅಂದರೆ ಸುಮಾರು 7.3 ನ್ಯೂಟನ್-ಮೀಟರ್. ಬೋಲ್ಟ್ ಓಡಾಡುವ, ನಳಿಕೆ ಜೋಡಿಸಿರುವ ಲೋಹದ ಭಾಗವೇ ಆಕ್ಷನ್; ಅದನ್ನು ಕೈಯಲ್ಲಿ ಹಿಡಿಯುವ ಸ್ಟಾಕ್‌ಗೆ ಬಿಗಿದಿಡುವುದು ಆಕ್ಷನ್ ಸ್ಕ್ರೂ. ಸ್ಟಾಕ್ ತಯಾರಿಸಿದವರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. 40 ಅಂದವರೂ ತಪ್ಪು ಹೇಳಿಲ್ಲ. ಅವರು ಬಹುಶಃ ಮರದ ಸ್ಟಾಕ್ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಾರೆ.

ಅಂಕಿ ರೈಫಲ್‌ನದ್ದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆದರೆ ಅದನ್ನು ಜಾಸ್ತಿ ನಿರ್ಧರಿಸುವುದು ಸ್ಕ್ರೂ ಯಾವುದನ್ನು ಅದುಮುತ್ತದೆ ಅನ್ನುವುದು. ಬರೀ ಮರವಾದರೆ 35ರಿಂದ 45 ಇಂಚ್-ಪೌಂಡ್ ಸಾಕು. ಅದಕ್ಕಿಂತ ಮೇಲೆ ಹೋದರೆ ಮರದ ನಾರು ನಜ್ಜುಗುಜ್ಜಾಗಿ ಸ್ಕ್ರೂ ಮತ್ತೆ ಸಡಿಲವಾಗುತ್ತದೆ. ನೀವು ಮತ್ತೆ ಬಿಗಿ ಮಾಡುತ್ತೀರಿ, ಅದು ಮತ್ತೆ ಕುಗ್ಗುತ್ತದೆ. ಇದಕ್ಕೆ ಕೊನೆಯೇ ಇಲ್ಲ. ಸ್ಕ್ರೂ ಹಾದುಹೋಗುವ ತೂತಿನಲ್ಲಿ ಲೋಹದ ಕೊಳವೆ, ಅಂದರೆ ಪಿಲ್ಲರ್ ಇದ್ದರೆ ಒತ್ತಡ ಅದರ ಮೇಲೆ ಬೀಳುತ್ತದೆ. ಆಗ ಇನ್ನಷ್ಟು ಬಿಗಿ ತಾಳುತ್ತದೆ. ನಿಮ್ಮದರಂತೆ ಅಲ್ಯೂಮಿನಿಯಂ ಬ್ಲಾಕ್ ಇದ್ದರೆ ಲೋಹದ ಮೇಲೆ ಲೋಹ, 65ಕ್ಕೆ ಏನೂ ಆಗುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಇದು ಇಂಚ್-ಪೌಂಡ್, ಫುಟ್-ಪೌಂಡ್ ಅಲ್ಲ. ಎರಡರ ನಡುವೆ 12 ಪಟ್ಟು ವ್ಯತ್ಯಾಸವಿದೆ. ಕಾರಿನ ಚಕ್ರಕ್ಕೆ ಬಳಸುವ, ತಿರುಗಿಸುವ ಬಲ (ಟಾರ್ಕ್) ಅಳೆಯುವ ಟಾರ್ಕ್ ರೆಂಚ್‌ನಲ್ಲಿ 65 ಇಟ್ಟರೆ ಸ್ಕ್ರೂ ಮುರಿಯುತ್ತದೆ ಅಥವಾ ಆಕ್ಷನ್‌ನ ಎಳೆಗಳೇ (ಥ್ರೆಡ್) ಕಿತ್ತುಬರುತ್ತವೆ. ಬಂದೂಕಿನ ಕೆಲಸಕ್ಕೆಂದೇ ಚಿಕ್ಕ ಟಾರ್ಕ್ ಡ್ರೈವರ್‌ಗಳು ಸಿಗುತ್ತವೆ, ಅದನ್ನೇ ತಗೊಳ್ಳಿ. ಸುಮ್ನೆ ಕೈ ಅಂದಾಜಿನಲ್ಲಿ ತಿರುಗಿಸಿದರೆ ಇವತ್ತಿನ ಬಿಗಿ ನಾಳೆ ಇರುವುದಿಲ್ಲ. ಎಳೆಗಳಿಗೆ ಎಣ್ಣೆ ಹಚ್ಚಿದ್ದರೆ ಅದೇ ಅಂಕಿಗೆ ಸ್ಕ್ರೂ ಇನ್ನೂ ಜೋರಾಗಿ ಅದುಮುತ್ತದೆ. ಆದ್ದರಿಂದ ಮೊದಲು ಒರೆಸಿ ಒಣಗಿಸಿ.

ಅಂಕಿಗಿಂತ ಮುಖ್ಯವಾದದ್ದು ಸ್ಕ್ರೂ ಕೂರಿಸುವ ಕ್ರಮ. ಮೊದಲ ಕೆಲಸ, ರೈಫಲ್ ಖಾಲಿ ಇದೆಯೇ ಎಂದು ನೋಡುವುದು. ಮ್ಯಾಗಜೀನ್ ತೆಗೆಯಿರಿ, ಗುಂಡು ಕೂರುವ ಚೇಂಬರ್ ಅನ್ನು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ನೋಡಿ. ಆಮೇಲೆ ಎರಡೂ ಸ್ಕ್ರೂಗಳನ್ನು ಬೆರಳಲ್ಲಿ ತಿರುಗುವಷ್ಟೇ ಹಾಕಿ, ನಳಿಕೆ ಮೇಲೆ ಬರುವಂತೆ ರೈಫಲ್ ಅನ್ನು ನೆಟ್ಟಗೆ ನಿಲ್ಲಿಸಿ. ಆಗ ಆಕ್ಷನ್ ತನ್ನ ಭಾರಕ್ಕೇ ಹಿಂದಕ್ಕೆ ಕೂರುತ್ತದೆ, ಅದರ ಕೆಳಗಿರುವ ರಿಕಾಯ್ಲ್ ಲಗ್ ಎಂಬ ಲೋಹದ ಉಬ್ಬು ಸ್ಟಾಕ್‌ನೊಳಗಿನ ತನ್ನ ಗೋಡೆಗೆ ತಾಗುತ್ತದೆ. ಗುಂಡು ಹಾರಿದಾಗ ಹಿಂದಕ್ಕೆ ಬರುವ ಒದೆತವನ್ನು ತಡೆಯಬೇಕಾದದ್ದು ಈ ಲಗ್, ಸ್ಕ್ರೂ ಅಲ್ಲ. ಇಲ್ಲಿ ಸಂದು ಉಳಿದರೆ ಪ್ರತಿ ಗುಂಡಿಗೂ ಆಕ್ಷನ್ ಚೂರು ಚೂರು ಜರುಗುತ್ತದೆ. ಗುಂಡುಗಳು ಒಂದೇ ಕಡೆ ಬೀಳುವುದಿಲ್ಲ.

ಲಗ್ ಕೂತ ಮೇಲೆ ಮುಂದಿನ ಸ್ಕ್ರೂ ಅರ್ಧ ಬಿಗಿ, ಹಿಂದಿನದು ಅರ್ಧ ಬಿಗಿ. ನಂತರ ಮುಂದಿನದನ್ನು ಪೂರ್ತಿ, ಕೊನೆಗೆ ಹಿಂದಿನದನ್ನು ಪೂರ್ತಿ. ವಿಂಚೆಸ್ಟರ್ 70ರಂಥ ರೈಫಲ್‌ಗಳಲ್ಲಿ ನಡುವೆ ಮೂರನೇ ಸ್ಕ್ರೂ ಇರುತ್ತದೆ. ಅದನ್ನು ಹಗುರವಾಗಿ ಕೂರಿಸಿದರೆ ಸಾಕು, ಬಿಗಿ ಮಾಡಿದರೆ ಆಕ್ಷನ್ ನಡುವಿನಲ್ಲಿ ಬಾಗಬಹುದು.

ಸ್ಟಾಕ್ ಬದಲಿಸಿದವರು ಮರೆಯುವ ಇನ್ನೊಂದು ವಿಷಯ ಸ್ಕ್ರೂ ಉದ್ದ. ಹಳೆಯ ಸ್ಟಾಕ್‌ನ ಸ್ಕ್ರೂ ಹೊಸದಕ್ಕೆ ಉದ್ದವಾಗಬಹುದು. ಮುಂದಿನ ಸ್ಕ್ರೂ ಬಿಗಿ ಮಾಡಿದಾಗ ಮಾತ್ರ ಬೋಲ್ಟ್ ತಡೆಯುತ್ತಿದೆ ಅಂದರೆ, ಸ್ಕ್ರೂನ ತುದಿ ಮೇಲೆ ಬಂದು ಬೋಲ್ಟ್‌ನ ಮುಂತುದಿಯ ಉಬ್ಬಿಗೆ (ಬೋಲ್ಟ್ ಲಗ್) ತಾಗುತ್ತಿದೆ ಎಂದು ಅನುಮಾನಿಸಿ. ಗಿಡ್ಡವಾದರೂ ಕಷ್ಟ, ಕನಿಷ್ಠ ಐದಾರು ಸುತ್ತಾದರೂ ಎಳೆ ಹಿಡಿಯಬೇಕು. ಎಲ್ಲಾ ಮುಗಿದ ಮೇಲೆ ಒಂದು ಹಣದ ನೋಟನ್ನು ನಳಿಕೆ ಮತ್ತು ಸ್ಟಾಕ್ ನಡುವೆ ತುದಿಯಿಂದ ಆಕ್ಷನ್‌ವರೆಗೆ ಎಳೆದು ನೋಡಿ. ನಳಿಕೆ ಎಲ್ಲೂ ತಾಗದಂತೆ ಮಾಡಿದ ಸ್ಟಾಕ್ ಆಗಿದ್ದರೆ ನೋಟು ಸಲೀಸಾಗಿ ಜಾರಬೇಕು.

ಊರಿನಲ್ಲಿ ಮರದ ಸ್ಟಾಕ್ ಇಟ್ಟುಕೊಂಡವರಿಗೂ ಒಂದು ಮಾತು. ಕೊಡಗು, ಮಲೆನಾಡಿನ ಮಳೆಗಾಲದಲ್ಲಿ ಮರ ತೇವ ಹೀರಿ ಊದುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಜೂನ್‌ನಲ್ಲಿ ಇಟ್ಟ ಬಿಗಿ ಮಾರ್ಚ್‌ನಲ್ಲಿ ಹಾಗೇ ಇರುತ್ತದೆ ಅಂತ ನಂಬಬೇಡಿ. ಋತು ಬದಲಾದಾಗ ಒಮ್ಮೆ ನೋಡಿ.

ಚಿಕ್ಕ ಗುಂಡಿನ .22 ರಿಮ್‌ಫೈರ್ ರೈಫಲ್ ಸ್ಪರ್ಧಿಗಳು ಎರಡೆರಡು ಇಂಚ್-ಪೌಂಡ್ ಏರಿಸುತ್ತಾ, ಪ್ರತಿ ಸಲ ಗುಂಡು ಹಾರಿಸಿ, ಚಿಕ್ಕ ಗ್ರೂಪ್ (ಗುಂಡುಗಳು ಹತ್ತಿರ ಹತ್ತಿರ ಬೀಳುವ ಗುಂಪು) ಎಲ್ಲಿ ಬರುತ್ತದೆ ಎಂದು ಹುಡುಕುತ್ತಾರೆ. ಆ ಪ್ರಯೋಗ ಒಳ್ಳೆಯದೇ. ಆದರೆ ನಿಮ್ಮ ರೈಫಲ್‌ನಲ್ಲಿ ಎರಡು ಅಂಕಿ ಆಚೀಚೆ ಆದರೆ ಗ್ರೂಪ್ ಪೂರ್ತಿ ಹಾಳಾಗುತ್ತಿದ್ದರೆ, ನನ್ನ ಪ್ರಕಾರ ತಪ್ಪು ಟಾರ್ಕ್‌ನದ್ದಲ್ಲ, ಆಕ್ಷನ್ ಸ್ಟಾಕ್‌ನಲ್ಲಿ ಸರಿಯಾಗಿ ಕೂತಿಲ್ಲ. ಇದನ್ನು ಪತ್ತೆ ಹಚ್ಚಲು, ಸಣ್ಣ ಅಲುಗಾಟವನ್ನೂ ಅಳೆಯುವ ಡಯಲ್ ಗೇಜ್ ಅನ್ನು ಸ್ಟಾಕ್‌ನ ಮುಂತುದಿಗೆ ಸಿಕ್ಕಿಸಿ, ಅದರ ಅಳೆಯುವ ತುದಿ ನಳಿಕೆಗೆ ತಾಗುವಂತೆ ಇಡಿ. ಈಗ ಒಂದೊಂದೇ ಸ್ಕ್ರೂ ಸಡಿಲಿಸಿ, ಮತ್ತೆ ಬಿಗಿ ಮಾಡಿ. ಗೇಜ್ 0.05 ಮಿಲಿಮೀಟರ್‌ಗಿಂತ ಜಾಸ್ತಿ ಅಲುಗಿದರೆ ಸ್ಕ್ರೂ ಆಕ್ಷನ್ ಅನ್ನು ಬಾಗಿಸುತ್ತಿದೆ ಅಂತ ಅರ್ಥ. ಆಗ ಅನುಭವವಿರುವ ಗನ್‌ಸ್ಮಿತ್ ಹತ್ತಿರ ಬೆಡ್ಡಿಂಗ್ (ಆಕ್ಷನ್ ಸ್ಟಾಕ್‌ನಲ್ಲಿ ಸಂದಿಲ್ಲದೆ ಕೂರುವಂತೆ ಮಾಡುವ ಕೆಲಸ) ಮಾಡಿಸಿ, ಟಾರ್ಕ್ ಅಂಕಿಯನ್ನು ಆಮೇಲೆ ನೋಡಿ.