ಓದುಗರ ಪ್ರಶ್ನೆ: ಹಾರರ್ ಆಟದಲ್ಲಿ ಸಾಯದೆ ಉಳಿಯೋ ಪಾತ್ರ ಮಾಡೋದು ಹೇಗೆ?

ಪ್ರಶ್ನೆ: ‘ಮೊದಲ ಸಲ ಕಾಲ್ ಆಫ್ ಕ್ತುಲ್ಹು ಆಡ್ತಿದ್ದೀನಿ. ಮಾಜಿ ಸೈನಿಕನ ಪಾತ್ರ ಮಾಡ್ಕೊಂಡು ಗನ್ ಸ್ಕಿಲ್‌ಗೆ ಜಾಸ್ತಿ ಪಾಯಿಂಟ್ ಹಾಕಿದ್ರೆ ಕೊನೇವರೆಗೂ ಬದುಕ್ತೀನಿ ಅಲ್ವಾ?’

ಇಲ್ಲ.

ಈ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇರುತ್ತದೆ. ಒಬ್ಬರಿಗೆ ಪೊಲೀಸ್ ಬೇಕು, ಇನ್ನೊಬ್ಬರಿಗೆ ಬಾಕ್ಸರ್, ಮತ್ತೊಬ್ಬರಿಗೆ ಬ್ಯಾಗ್ ತುಂಬಾ ಡೈನಮೈಟ್. ನಾನೂ ಅದೇ ಉತ್ತರ ಹೇಳಿ ಹೇಳಿ ಸುಸ್ತಾಗಿದ್ದೇನೆ. ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ಮುಂದೆ ಚಾಚುತ್ತೇನೆ.

ಆಟ ಗೊತ್ತಿರುವವರಿಗೆ ಪೀಠಿಕೆ ಬೇಡ. ಗೊತ್ತಿಲ್ಲದವರಿಗೆ: ಮೇಜಿನ ಸುತ್ತ ಕೂತು, ತಲಾ ಒಂದು ಪಾತ್ರ ವಹಿಸಿ, ಡೈಸ್ ಉರುಳಿಸಿ ಆಡುವ ಆಟ ಇದು; ಕತೆ ನಡೆಸುವವರಿಗೆ ಕೀಪರ್ ಅಂತ ಹೆಸರು. 1981ರಲ್ಲಿ ಸ್ಯಾಂಡಿ ಪೀಟರ್ಸನ್ ರೂಪಿಸಿದ್ದು, ಕೇಯಾಸಿಯಂ ಕಂಪನಿ ಹೊರತಂದದ್ದು, ಹೆಚ್ಚಾಗಿ 1920ರ ದಶಕದ ಅಮೆರಿಕದಲ್ಲಿ ನಡೆಯುವುದು. ಇಲ್ಲಿನ ನಿಯಮಗಳೆಲ್ಲ ಏಳನೇ ಆವೃತ್ತಿಯವು. ಹೊಸಬರು ಡೈಸ್ ಉರುಳಿಸುತ್ತಾ ಕೂರುವ ಬದಲು ಸಿದ್ಧ ಅಂಕಿಗಳನ್ನು ಹಂಚಿಕೊಳ್ಳಬಹುದು: 80, 70, 60, 60, 50, 50, 50, 40. ಎಂಟು ಅಂಕಿ, ಎಂಟು ಗುಣ. ಯಾವುದನ್ನು ಎಲ್ಲಿ ಹಾಕುತ್ತೀರಿ ಅನ್ನುವುದರಲ್ಲೇ ಅರ್ಧ ಹಣೆಬರಹ ನಿರ್ಧಾರವಾಗುತ್ತದೆ.

ನಿಮ್ಮ ಸೈನಿಕನನ್ನೇ ಮೊದಲು ಮಾಡೋಣ. ಆಳು ಭಾರಿ ಇರಬೇಕು ಅಂತ ಸೈಜ್‌ಗೆ 80, ಸ್ಟ್ರೆಂಗ್ತ್‌ಗೆ 70. ಕಾನ್ಸ್ಟಿಟ್ಯೂಷನ್ (ಮೈಯ ತಾಳಿಕೆ), ಡೆಕ್ಸ್ಟೆರಿಟಿ (ಚುರುಕು) ತಲಾ 60. ಎಜುಕೇಶನ್, ಇಂಟೆಲಿಜೆನ್ಸ್, ಅಪಿಯರೆನ್ಸ್ 50. ಉಳಿದ 40 ಪವರ್‌ಗೆ, ಯಾಕೆಂದರೆ ಪವರ್ ಯಾತಕ್ಕೆ ಬರುತ್ತದೋ ನಿಮಗೆ ಗೊತ್ತಿಲ್ಲ.

ಈಗ ಒಬ್ಬ ಲೈಬ್ರರಿಯನ್. ಬಾಸ್ಟನ್‌ನವಳು, ಹೆಸರು ಎಡಿತ್ ಅಂತ ಇಟ್ಟುಕೊಳ್ಳಿ. ಎಜುಕೇಶನ್ 80, ಇಂಟೆಲಿಜೆನ್ಸ್ 70, ಪವರ್ 60, ಡೆಕ್ಸ್ಟೆರಿಟಿ 60. ಕಾನ್ಸ್ಟಿಟ್ಯೂಷನ್, ಸೈಜ್, ಅಪಿಯರೆನ್ಸ್ 50. ಸ್ಟ್ರೆಂಗ್ತ್ 40, ಅಂದರೆ ಬಿಗಿಯಾದ ಡಬ್ಬಿ ಮುಚ್ಚಳ ತೆಗೆಯಲೂ ಪಕ್ಕದವರನ್ನು ಕರೆಯಬೇಕು.

ಮೊದಲು ಪ್ರಾಣದ ಲೆಕ್ಕ. ಕಾನ್ಸ್ಟಿಟ್ಯೂಷನ್ ಮತ್ತು ಸೈಜ್ ಕೂಡಿಸಿ ಹತ್ತರಿಂದ ಭಾಗಿಸಿದರೆ ಹಿಟ್ ಪಾಯಿಂಟ್. ಸೈನಿಕನಿಗೆ 14, ಎಡಿತ್‌ಗೆ 10. ‘ನೋಡಿ, ನಾಲ್ಕು ಜಾಸ್ತಿ!’ ಅಂತೀರಿ. ಹತ್ತಿರದಿಂದ ಹೊಡೆದ 12 ಗೇಜ್ ಶಾಟ್‌ಗನ್ ನಾಲ್ಕು ಆರು ಮುಖದ ಡೈಸ್‌ನಷ್ಟು ಗಾಯ ಮಾಡುತ್ತದೆ. ಸರಾಸರಿ 14. ನಿಮ್ಮ ಭೀಮನಿಗೂ ಒಂದೇ ಏಟು ಸಾಕು. ಇದು ಬರೀ ಮನುಷ್ಯರ ಕೈಲಿರುವ ಆಯುಧದ ಮಾತು. ಆಟದ ಹೆಸರಿನಲ್ಲೇ ಇರುವ ಮಹಾರಾಕ್ಷಸ, ಸಾಕ್ಷಾತ್ ಕ್ತುಲ್ಹು ಎದ್ದು ಬಂದರೆ ಹಿಟ್ ಪಾಯಿಂಟ್ ಲೆಕ್ಕವೇ ಇಲ್ಲ. ಒಂದು ಸುತ್ತಿಗೆ ಒಬ್ಬರಿಂದ ಮೂವರನ್ನು ಬಾಚಿಕೊಂಡು ಮುಗಿಸುತ್ತದೆ, ಅಷ್ಟೇ.

ಗನ್ ಇದೆಯಲ್ಲ, ಮೊದಲು ನಾವೇ ಹೊಡೆದರೆ? ಸರಿ, ಹೊಡೆಯಿರಿ. ಎದುರಿಗೆ ಒಂದು ಗೂಲ್ ಇದೆ ಅಂದುಕೊಳ್ಳಿ, ಸ್ಮಶಾನದಲ್ಲಿ ಹೆಣ ತಿನ್ನುವ ಜಾತಿ. ಈ ಆಟದ ರಾಕ್ಷಸರಲ್ಲಿ ಇವು ತೀರಾ ಚಿಲ್ಲರೆ. ಸಾಮಾನ್ಯ ಗೂಲ್‌ಗೆ 13 ಹಿಟ್ ಪಾಯಿಂಟ್, ಗುಂಡು ತಾಗಿದರೆ ಅರ್ಧ ಗಾಯ ಮಾತ್ರ. .38 ರಿವಾಲ್ವರ್ ಸರಾಸರಿ ಐದೂವರೆ ಕೊಡುತ್ತದೆ, ಅರ್ಧಕ್ಕಿಳಿದರೆ ಮೂರೂ ಇಲ್ಲ. ಅಂದರೆ ಸುಮಾರು ಐದು ಗುಂಡು ಸರಿಯಾಗಿ ತಾಗಬೇಕು. ಸ್ಕಿಲ್ 70 ಇದ್ದರೂ ಹತ್ತಕ್ಕೆ ಮೂರು ಗುಂಡು ಗೋಡೆಗೆ ಹೋಗುತ್ತವೆ. ರಿವಾಲ್ವರ್‌ನಲ್ಲಿರುವುದು ಆರು. ಲೆಕ್ಕ ನೀವೇ ಮುಗಿಸಿ. ಗೂಲ್ ಅಷ್ಟು ಹೊತ್ತು ಕೈಕಟ್ಟಿ ನಿಂತಿರುವುದಿಲ್ಲ, ಅದನ್ನೂ ಸೇರಿಸಿ.

ಹಾಗಾದರೆ ಓಡಬೇಕು. ಇಲ್ಲೊಂದು ತಮಾಷೆ ಇದೆ. ಸ್ಟ್ರೆಂಗ್ತ್, ಡೆಕ್ಸ್ಟೆರಿಟಿ ಎರಡೂ ಸೈಜ್‌ಗಿಂತ ಕಡಿಮೆ ಇದ್ದರೆ ಓಟದ ವೇಗ 7. ಯಾವುದಾದರೂ ಒಂದು ಸೈಜ್‌ನಷ್ಟಿದ್ದರೆ ಅಥವಾ ಜಾಸ್ತಿ ಇದ್ದರೆ 8. ಎರಡೂ ಜಾಸ್ತಿ ಇದ್ದರೆ 9. ನಿಮ್ಮ ಸೈನಿಕನ ಸೈಜ್ 80, ಅವನಿಗೆ 7. ಎಡಿತ್‌ಗೆ 8. ಗೂಲ್ ಅಟ್ಟಿಸಿಕೊಂಡು ಬಂದರೆ ಹಿಂದೆ ಉಳಿಯುವವನು ಯಾರು ಅಂತ ಬಿಡಿಸಿ ಹೇಳಬೇಕಾ?

ಇಷ್ಟಾದರೂ ಅಸಲಿ ಪೆಟ್ಟು ಇನ್ನೂ ಬಂದಿಲ್ಲ. ಆ 40 ಪವರ್ ನೆನಪಿದೆಯಲ್ಲ? ಸ್ಯಾನಿಟಿ, ಅಂದರೆ ಬುದ್ಧಿ ಸ್ಥಿಮಿತದ ಲೆಕ್ಕ, ಶುರುವಾಗುವುದು ಅಲ್ಲಿಂದಲೇ. ಪವರ್ 40 ಅಂದರೆ ಸ್ಯಾನಿಟಿ 40. ಭಯಾನಕವಾದದ್ದು ಕಂಡಾಗಲೆಲ್ಲ ನೂರರ ಡೈಸ್ ಉರುಳಿಸಿ ಅದರೊಳಗೆ ಬೀಳಿಸಬೇಕು. ನೂರಕ್ಕೆ ಅರವತ್ತು ಸಲ ಸೋಲು. ಒಂದೇ ಏಟಿಗೆ ಐದು ಅಥವಾ ಜಾಸ್ತಿ ಸ್ಯಾನಿಟಿ ಹೋದರೆ ಇಂಟೆಲಿಜೆನ್ಸ್ ರೋಲ್. ಅದರಲ್ಲಿ ಗೆದ್ದರೆ ತಾತ್ಕಾಲಿಕ ಹುಚ್ಚು. ಹೌದು, ಗೆದ್ದರೆ! ಕಂಡದ್ದು ಏನು ಅಂತ ಅರ್ಥವಾದವರಿಗೇ ತಲೆ ಕೆಡುತ್ತದೆ, ಅರ್ಥವಾಗದವರು ಬಚಾವ್. ನಿಯಮ ಬರೆದವರ ಈ ಕುಹಕ ನನಗೆ ತುಂಬಾ ಇಷ್ಟ. ಎಡಿತ್‌ನಂಥ ಬುದ್ಧಿವಂತರಿಗೆ ಇಲ್ಲಿ ನಷ್ಟ, ಒಪ್ಪುತ್ತೇನೆ. ಆದರೆ ಅವಳ ಸ್ಯಾನಿಟಿ 60, ಆ ಹಂತಕ್ಕೆ ಬರುವುದೇ ಅಪರೂಪ.

ಹುಚ್ಚು ಹಿಡಿದ ಕೆಲವು ಸುತ್ತು ಪಾತ್ರ ನಿಮ್ಮ ಕೈಯಲ್ಲಿರುವುದಿಲ್ಲ, ಕೀಪರ್ ಕೈಯಲ್ಲಿರುತ್ತದೆ. ಏನು ಮಾಡುತ್ತಾನೆ ಅಂತ ಹತ್ತು ಸಾಲಿನ ಪಟ್ಟಿಯಿಂದ ಡೈಸ್ ಹೇಳುತ್ತದೆ. ಮೂರ್ಛೆ ಹೋಗಬಹುದು, ಓಡಿಹೋಗಬಹುದು. ಸುತ್ತ ಇರುವವರ ಮೇಲೆಲ್ಲ ಕೈ ಮಾಡುವ ಸಾಲೂ ಇದೆ. ನಮ್ಮ ಟೇಬಲ್‌ನಲ್ಲಿ ಹೀಗೇ ಒಬ್ಬ ಮಾಜಿ ಸೈನಿಕ ಶಾಟ್‌ಗನ್ ಹಿಡಿದು ನೆಲಮಾಳಿಗೆಗೆ ಎಲ್ಲರಿಗಿಂತ ಮೊದಲು ಇಳಿದ. ಗೂಲ್ ಕಂಡಿತು, ಸ್ಯಾನಿಟಿ ರೋಲ್ ಸೋತ, ಆರು ಹೋಯಿತು. ಪಟ್ಟಿ ನೋಡಿದೆ, ಅದೇ ಸಾಲು. ಹಿಂದೆ ಮೆಟ್ಟಿಲ ಮೇಲೆ ಲಾಟೀನು ಹಿಡಿದು ನಿಂತಿದ್ದವಳು ಗುಂಪಿನ ನರ್ಸ್. ಆ ರಾತ್ರಿ ಗೂಲ್ ಯಾರನ್ನೂ ಕೊಲ್ಲಲಿಲ್ಲ, ಅದಕ್ಕೆ ಊಟ ರೆಡಿಯಾಗಿ ಸಿಕ್ಕಿತು. ಗುಂಪಿನಲ್ಲಿ ಅತಿ ಕಡಿಮೆ ಸ್ಯಾನಿಟಿ ಇರುವವನ ಕೈಗೇ ಅತಿ ದೊಡ್ಡ ಗನ್ ಕೊಡುವುದು ಇದಕ್ಕೇ ಬೇಡ ಅನ್ನುವುದು.

ಹಾಗಂತ ಗನ್ ದಂಡ ಅಂತಲ್ಲ. ಈ ರಾಕ್ಷಸರನ್ನು ಪೂಜಿಸುವ ಗುಪ್ತ ಪಂಥದವರು ಮನುಷ್ಯರೇ, ಅವರಿಗೆ ಗುಂಡು ಚೆನ್ನಾಗಿಯೇ ತಾಗುತ್ತದೆ. ಗುಂಪಿಗೆ ಒಬ್ಬ ಗುರಿಕಾರ ಇರಲಿ. ಎಲ್ಲರೂ ಅದೇ ಆದರೆ ಕತೆ ಕೆಟ್ಟಿತು.

ಇನ್ನು ಸ್ಕಿಲ್ ಪಾಯಿಂಟ್. ಸೈನಿಕನಿಗೆ ಎಜುಕೇಶನ್‌ನ ಎರಡರಷ್ಟು, ಸ್ಟ್ರೆಂಗ್ತ್‌ನ ಎರಡರಷ್ಟು ಸೇರಿ 240. ಸ್ವಂತ ಆಸಕ್ತಿಗೆ ಇಂಟೆಲಿಜೆನ್ಸ್‌ನ ಎರಡರಷ್ಟು, 100. ಒಟ್ಟು 340. ಎಡಿತ್‌ಗೆ ಎಜುಕೇಶನ್‌ನ ನಾಲ್ಕರಷ್ಟು 320, ಜೊತೆಗೆ 140. ಒಟ್ಟು 460. 120 ಪಾಯಿಂಟ್ ವ್ಯತ್ಯಾಸ! ಅಷ್ಟರಲ್ಲಿ ಲೈಬ್ರರಿ ಯೂಸ್ (ಪುಸ್ತಕ, ದಾಖಲೆ ಹುಡುಕುವ ಸ್ಕಿಲ್) 20ರಿಂದ 70ಕ್ಕೆ, ಸ್ಪಾಟ್ ಹಿಡನ್ (ಅಡಗಿದ್ದನ್ನು ಗಮನಿಸುವ ಸ್ಕಿಲ್) 25ರಿಂದ 60ಕ್ಕೆ ಏರಿಸಿಯೂ ಕೈಯಲ್ಲಿ 35 ಉಳಿಯುತ್ತದೆ. ಕತೆ ನಡೆಯುವ ಮನೆಯ ಹಿಂದಿನ ಮಾಲೀಕ ಯಾರು, ಹಳೇ ಪೇಪರ್‌ನಲ್ಲಿ ಏನು ಬಂದಿತ್ತು, ನೆಲಮಾಳಿಗೆಗೆ ಎರಡನೇ ಬಾಗಿಲು ಇದೆಯಾ ಅಂತ ಮೊದಲೇ ತಿಳಿದವರು ನೆಲಮಾಳಿಗೆಗೆ ಇಳಿಯದೆಯೇ ಕೆಲಸ ಮುಗಿಸಿದ್ದನ್ನು ನೋಡಿದ್ದೇನೆ.

ಎರಡು ಚಿಕ್ಕ ಎಚ್ಚರಿಕೆ. ಕ್ರೆಡಿಟ್ ರೇಟಿಂಗ್‌ಗೆ ಪಾಯಿಂಟ್ ಹಾಕಲು ಮರೆಯಬೇಡಿ. ಅದು 0 ಇದ್ದರೆ 1920ರ ಅಮೆರಿಕದಲ್ಲಿ ನಿಮ್ಮ ಜೇಬಿನಲ್ಲಿರುವುದು ಅರ್ಧ ಡಾಲರ್. ಕ್ತುಲ್ಹು ಮಿಥೋಸ್, ಅಂದರೆ ಈ ರಾಕ್ಷಸರ ರಹಸ್ಯ ತಿಳಿದಿರುವ ಸ್ಕಿಲ್‌ಗೆ ಪಾಯಿಂಟ್ ಹಾಕಲು ಕೇಳಬೇಡಿ, ಶುರುವಿನಲ್ಲಿ ಹಾಕುವಂತಿಲ್ಲ. ಅದು ಆಟದಲ್ಲಿ ತಾನಾಗೇ ಏರುತ್ತದೆ, ಏರಿದಷ್ಟೂ ನಿಮ್ಮ ಸ್ಯಾನಿಟಿಯ ಮೇಲ್ಮಿತಿ 99ರಿಂದ ಕೆಳಗಿಳಿಯುತ್ತದೆ.

ಹಿನ್ನೆಲೆ ಕತೆ? ಎರಡು ಪುಟ ಬರೆದು ತರಬೇಡಿ, ಯಾವ ಕೀಪರೂ ಓದಲ್ಲ. ಮುಖ್ಯವಾದ ಒಬ್ಬ ವ್ಯಕ್ತಿ, ಒಂದು ಜಾಗ, ಒಂದು ವಸ್ತು, ತಲಾ ಒಂದು ಸಾಲು ಸಾಕು. ಅದರಲ್ಲಿ ಒಂದಕ್ಕೆ ಗುರುತು ಹಾಕಿ, ಅದು ಕೀ ಕನೆಕ್ಷನ್. ಕತೆಗಳ ನಡುವಿನ ಬಿಡುವಿನಲ್ಲಿ ಅದರ ಆಸರೆಯಿಂದ ಸ್ಯಾನಿಟಿ ವಾಪಸ್ ಪಡೆಯಲು ಬೋನಸ್ ಡೈಸ್ ಸಿಗುತ್ತದೆ. ‘ನನ್ನ ಪಾತ್ರಕ್ಕೆ ಯಾರೂ ಇಲ್ಲ, ಒಂಟಿ ತೋಳ’ ಅನ್ನುವವರು ಈ ಸೌಲಭ್ಯ ಸುಮ್ನೆ ಕಳೆದುಕೊಳ್ಳುತ್ತಾರೆ. ಎಡಿತ್‌ಗೆ ಕಣ್ಣು ಕಾಣದ ತಂಗಿ ಇದ್ದಾಳೆ, ರಾತ್ರಿ ಅವಳಿಗೆ ಪೇಪರ್ ಓದಿ ಹೇಳುತ್ತಾಳೆ ಅಂತ ಬರೆಯಿರಿ. ಮುಗೀತು.

ಇಷ್ಟೆಲ್ಲ ಕೇಳುವವರು ವಯಸ್ಸಿನ ಬಗ್ಗೆ ಮಾತ್ರ ಯಾಕೆ ಕೇಳಲ್ಲವೋ. ಎಲ್ಲರ ಪಾತ್ರಕ್ಕೂ 25, 26. ವಯಸ್ಸು ಏರಿದಂತೆ ಎಜುಕೇಶನ್ ಹೆಚ್ಚಿಸಿಕೊಳ್ಳುವ ಅವಕಾಶ ಸಿಗುತ್ತದೆ: ನಲವತ್ತರಲ್ಲಿ ಎರಡು, ಐವತ್ತರಲ್ಲಿ ಮೂರು, ಅರವತ್ತರಲ್ಲಿ ನಾಲ್ಕು. ನೂರರ ಡೈಸ್ ನಿಮ್ಮ ಎಜುಕೇಶನ್‌ಗಿಂತ ಮೇಲೆ ಬಿದ್ದರೆ ಹತ್ತರ ಡೈಸ್‌ನಷ್ಟು ಸೇರಿಸಿಕೊಳ್ಳಿ. ಎಡಿತ್‌ಗೆ ಇದರಿಂದ ಅಷ್ಟು ಲಾಭವಿಲ್ಲ, 80ರ ಮೇಲೆ ಬೀಳುವುದು ಐದಕ್ಕೆ ಒಂದು ಸಲ. ಎಜುಕೇಶನ್ 50 ಇರುವ ನಿಮ್ಮ ಸೈನಿಕನಿಗೆ ಎರಡಕ್ಕೆ ಒಂದು ಸಲ ಬೀಳುತ್ತದೆ! ಅವನನ್ನು ಬಿಡಲು ಮನಸ್ಸೇ ಇಲ್ಲದಿದ್ದರೆ ಅರವತ್ತು ದಾಟಿಸಿ, ನಿವೃತ್ತ ಸಾರ್ಜೆಂಟ್ ಮಾಡಿ. ಮೈಯಿಂದ 20 ಪಾಯಿಂಟ್, ಮುಖದಿಂದ 15 ಹೋಗುತ್ತದೆ, ಹೋಗಲಿ. ವೇಗವೂ ಮೂರು ಇಳಿದು 4 ಆಗುತ್ತದೆ. ಹಾಗಾಗಿ ಗುಂಪಿನಲ್ಲಿ ಒಬ್ಬರಿಗಾದರೂ ಡ್ರೈವ್ ಆಟೋ (ಕಾರು ಓಡಿಸುವ ಸ್ಕಿಲ್) 50 ಇರಲಿ, ಕಾರು ಗೇಟಿನ ಹತ್ತಿರವೇ ನಿಂತಿರಲಿ. ಎಂಜಿನ್ ಮಾತ್ರ ಆಫ್ ಮಾಡಬೇಡಿ. ಆ ಕಾಲದಲ್ಲಿ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವ ಕಾರುಗಳು ಇನ್ನೂ ಓಡಾಡುತ್ತಿದ್ದವು.