ಸೈರನ್‌ಗಳು ಮತ್ಸ್ಯಕನ್ಯೆಯರಾ? ಅಲ್ಲ, ಅಲ್ಲ, ಅಲ್ಲ

ಓದುಗರ ಪ್ರಶ್ನೆ: ಒಡಿಸ್ಸಿಯಲ್ಲಿ ಬರುವ ಸೈರನ್‌ಗಳು ಮತ್ಸ್ಯಕನ್ಯೆಯರೇ ಅಲ್ವಾ? ಮತ್ತೆ ಹಳೇ ಚಿತ್ರಗಳಲ್ಲಿ ಅವರು ಹಕ್ಕಿ ಥರ ಯಾಕಿರ್ತಾರೆ?

ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮತ್ತೊಬ್ಬರು ಬಂದು ಅದನ್ನೇ ಕೇಳುತ್ತಾರೆ. ಹಾಗಾಗಿ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಸುಮ್ನೆ ಇದನ್ನು ಕಳಿಸಿಬಿಡಿ.

ಒಡಿಸ್ಸಿ ಅಂದರೆ ಹೋಮರ್‌ನ ಪ್ರಾಚೀನ ಗ್ರೀಕ್ ಮಹಾಕಾವ್ಯ, ಟ್ರಾಯ್ ಯುದ್ಧ ಮುಗಿಸಿ ಹಡಗಿನಲ್ಲಿ ಮನೆಗೆ ಹೊರಟ ಒಡಿಸ್ಸಿಯಸ್‌ನ ಕಥೆ. ಅದರಲ್ಲಿ ಹಾಡಿನಿಂದಲೇ ನಾವಿಕರನ್ನು ಸಾವಿಗೆ ಸೆಳೆಯುವವರು ಸೈರನ್‌ಗಳು. ಆ ಪ್ರಸಂಗ ನಿಮಗೆ ಗೊತ್ತೇ ಇದೆ. ಮರುಳು ಮಾಡುವ ಹಾಡು, ನಾವಿಕರ ಕಿವಿಗೆ ಮೇಣ, ಹಾಯಿಕಂಬಕ್ಕೆ ಕಟ್ಟಿಸಿಕೊಂಡ ಒಡಿಸ್ಸಿಯಸ್. ಒಡಿಸ್ಸಿಯ 12ನೇ ಸರ್ಗ ತೆಗೆದು, ಸೈರನ್‌ಗಳ ಮೈ ಹೇಗಿತ್ತು ಅಂತ ಹುಡುಕಿ ನೋಡಿ. ಸಿಗುವುದಿಲ್ಲ. ಬಾಲ ಇಲ್ಲ, ರೆಕ್ಕೆ ಇಲ್ಲ, ಹರವಿದ ಕೂದಲಿಲ್ಲ, ಚೆಲುವೆಯರು ಅಂತ ಕೂಡ ಒಂದು ಮಾತಿಲ್ಲ. ಹೋಮರ್ ಹೇಳುವುದು ಇಷ್ಟೇ: ಅವರು ಇಬ್ಬರು, ಒಂದು ದ್ವೀಪದ ಹುಲ್ಲುಗಾವಲಲ್ಲಿ ಕೂತಿದ್ದಾರೆ, ಸುತ್ತಲೂ ಕೊಳೆಯುತ್ತಿರುವ ಗಂಡಸರ ಮೂಳೆಗಳ ರಾಶಿ, ಆ ಮೂಳೆಗಳ ಮೇಲೆ ಸುಕ್ಕುಗಟ್ಟುತ್ತಿರುವ ಚರ್ಮ. ಹುಲ್ಲುಗಾವಲು! ಮೀನಿನ ಬಾಲ ಇರುವವರಿಗೆ ಅಲ್ಲೇನು ಕೆಲಸ?

ಹೋಮರ್‌ಗೆ ಮೈ ವರ್ಣಿಸಲು ಬರುತ್ತಿರಲಿಲ್ಲ ಅಂತಲೂ ಅಲ್ಲ. ಅದೇ ಸರ್ಗದಲ್ಲಿ ಸ್ಕಿಲ್ಲಾ ಅನ್ನುವ ಕಡಲ ರಾಕ್ಷಸಿ ಬರುತ್ತಾಳೆ. ಅವಳಿಗೆ 12 ಕಾಲು, 6 ಉದ್ದನೆಯ ಕತ್ತು, ಒಂದೊಂದು ತಲೆಯಲ್ಲೂ ಮೂರು ಸಾಲು ಹಲ್ಲು, ಇಷ್ಟಿದ್ದೂ ದನಿ ಮಾತ್ರ ಆಗ ತಾನೇ ಹುಟ್ಟಿದ ನಾಯಿಮರಿಯದು. ಇಷ್ಟೆಲ್ಲ ಲೆಕ್ಕ ಕೊಟ್ಟವನು ಸೈರನ್‌ಗಳ ಮೈ ಬಗ್ಗೆ ತುಟಿ ಬಿಚ್ಚುವುದಿಲ್ಲ ಅಂದರೆ ಅದು ಬೇಕೆಂದೇ ಬಿಟ್ಟದ್ದು ಅಂತ ನನ್ನ ಅನಿಸಿಕೆ.

ಆದರೆ ಚಿತ್ರ ಬರೆಯುವವರು ಹಾಗೆ ಬಿಡೋಕಾಗಲ್ಲವಲ್ಲ, ಏನಾದರೂ ಒಂದು ಮೈ ಕೊಡಲೇಬೇಕು. ಅವರು ಕೊಟ್ಟದ್ದು ಹಕ್ಕಿಯ ಮೈ, ಹೆಂಗಸಿನ ತಲೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಸುಮಾರು ಕ್ರಿ.ಪೂ. 480ರ ಹೊತ್ತಿನ ಒಂದು ಗ್ರೀಕ್ ಜಾಡಿ ಇದೆ, ಇಟಲಿಯ ವುಲ್ಚಿಯಲ್ಲಿ ಸಿಕ್ಕಿದ್ದು. ಅದರಲ್ಲಿ ಒಡಿಸ್ಸಿಯಸ್ ಕಂಬಕ್ಕೆ ಕಟ್ಟಿಸಿಕೊಂಡು ತಲೆ ಎತ್ತಿ ಕೇಳುತ್ತಿದ್ದಾನೆ, ಎರಡು ಸೈರನ್‌ಗಳು ಬಂಡೆಗಳ ಮೇಲಿವೆ, ಮೂರನೆಯದು ತಲೆಕೆಳಗಾಗಿ ಹಡಗಿನತ್ತ ಬೀಳುತ್ತಿದೆ. ಎಲ್ಲವೂ ಹಕ್ಕಿಗಳೇ. (ಹೋಮರ್ ಇಬ್ಬರು ಅಂದರೂ ಚಿತ್ರಕಾರ ಒಬ್ಬಳನ್ನು ಜಾಸ್ತಿ ಸೇರಿಸಿದ್ದಾನೆ, ಇರಲಿ.) ಕ್ರಿ.ಪೂ. 3ನೇ ಶತಮಾನದ ಕವಿ ಅಪೊಲೋನಿಯಸ್ ತನ್ನ ಆರ್ಗೊನಾಟಿಕಾ ಎಂಬ ಸಮುದ್ರಯಾನದ ಕಾವ್ಯದಲ್ಲಿ ನೇರವಾಗಿಯೇ ಹೇಳುತ್ತಾನೆ: ಅರ್ಧ ಹಕ್ಕಿ, ಅರ್ಧ ಹುಡುಗಿ. ಅಲ್ಲಿ ಮೇಣ ಗೀಣ ಏನೂ ಇಲ್ಲ, ಹಡಗಿನಲ್ಲಿದ್ದ ಹಾಡುಗಾರ ಆರ್ಫಿಯಸ್ ತನ್ನ ಲೈರ್ ಎಂಬ ತಂತಿವಾದ್ಯ ನುಡಿಸಿ ಅವರ ಹಾಡನ್ನೇ ಮುಳುಗಿಸಿಬಿಡುತ್ತಾನೆ. ಆದರೂ ಬ್ಯೂಟಸ್ ಅನ್ನುವವನೊಬ್ಬ ತಡೆಯಲಾರದೆ ಸಮುದ್ರಕ್ಕೆ ಹಾರುತ್ತಾನೆ, ಪ್ರೇಮದೇವತೆ ಅಫ್ರೊಡೈಟಿ ಬಂದು ಅವನನ್ನು ಉಳಿಸುತ್ತಾಳೆ.

ಹಾಗಾದ್ರೆ ಮೀನಿನ ಬಾಲ ಬಂದದ್ದು ಎಲ್ಲಿಂದ? ಯುರೋಪಿನ ಮಧ್ಯಯುಗದಿಂದ. ಸುಮಾರು 7-8ನೇ ಶತಮಾನದ ಲೀಬರ್ ಮಾನ್‌ಸ್ಟ್ರೋರಮ್ ಎಂಬ ಲ್ಯಾಟಿನ್ ಬರಹದಲ್ಲಿ ಸೈರನ್‌ಗಳಿಗೆ ಹೊಕ್ಕುಳಿಂದ ಮೇಲೆ ಹುಡುಗಿಯ ಮೈ, ಕೆಳಗೆ ಮೀನಿನ ಬಾಲ. ಹೋಮರ್ ಆಗಿ ಸಾವಿರ ವರ್ಷಕ್ಕೂ ಮೇಲಾಗಿತ್ತು ಆಗ! ಆಮೇಲಿನ ಕೆಲವು ಹಸ್ತಪ್ರತಿಗಳಲ್ಲಿ ರೆಕ್ಕೆಯೂ ಇದೆ, ಬಾಲವೂ ಇದೆ, ಯಾವುದನ್ನೂ ಬಿಡಲು ಮನಸ್ಸಿಲ್ಲ. ಕೊನೆಗೆ ಬಾಲವೇ ಗೆದ್ದಿತು. ಸ್ಟಾರ್‌ಬಕ್ಸ್ ಕಾಫಿ ಕಪ್ಪಿನ ಮೇಲಿರುವ ಎರಡು ಬಾಲದ ಹೆಂಗಸೂ ಸೈರನ್ನೇ, ಆದರೆ ಅವಳು ಹೋಮರ್ ಕಡೆಯವಳಲ್ಲ.

ಬಾಲದ ವಿಷಯ ಹೇಗೋ ಸಹಿಸಿಕೊಳ್ಳಬಹುದು. ನನಗೆ ನಿಜವಾಗಿ ಕಿರಿಕಿರಿ ಆಗುವುದು ಅದರ ಜೊತೆ ಬಂದ "ಅಂದ ತೋರಿಸಿ ಗಂಡಸರನ್ನು ಬಲೆಗೆ ಹಾಕ್ತಾರೆ" ಅನ್ನುವ ಮಾತು. ಅವರು ಏನು ಹಾಡುತ್ತಾರೆ ಅಂತ ಯಾರೂ ಓದುವುದೇ ಇಲ್ಲ. ಅವರ ಹಾಡು ಹೀಗಿದೆ: ಟ್ರಾಯ್‌ನಲ್ಲಿ ಗ್ರೀಕರೂ ಟ್ರೋಜನ್ನರೂ ಪಟ್ಟ ಪಾಡೆಲ್ಲ ನಮಗೆ ಗೊತ್ತು, ಭೂಮಿಯ ಮೇಲೆ ನಡೆಯುವುದೆಲ್ಲ ಗೊತ್ತು, ನಮ್ಮ ಹಾಡು ಕೇಳಿದವನು ಖುಷಿಪಟ್ಟು, ಹೆಚ್ಚು ತಿಳಿದುಕೊಂಡು ಹೋಗುತ್ತಾನೆ. ಇಷ್ಟೇ. ಹತ್ತು ವರ್ಷ ಅಲ್ಲಿ ಬಡಿದಾಡಿ ಬಂದವನಿಗೆ ಅವನದೇ ಯುದ್ಧದ ಕಥೆ ಹೇಳುತ್ತೇವೆ ಅಂತ ಕರೆಯುತ್ತಿದ್ದಾರೆ. ಅದಕ್ಕಿಂತ ದೊಡ್ಡ ಆಮಿಷ ಇನ್ನೇನು ಬೇಕು?

ಇನ್ನೊಂದು ವಿಷಯ, ಯಾರೂ ಕೇಳಿಲ್ಲ, ನಾನೇ ಹೇಳುತ್ತೇನೆ. ಆ ಹಾಡನ್ನು ಒಡಿಸ್ಸಿಯಸ್ ಕೇಳಲೇಬೇಕಿತ್ತಾ? ಇಲ್ಲ. ಉಪಾಯ ಹೇಳಿಕೊಟ್ಟ ಮಾಟಗಾತಿ ಸರ್ಸಿ ಅಂದದ್ದು "ನಿನಗೆ ಕೇಳಬೇಕು ಅನ್ನಿಸಿದರೆ ಕಟ್ಟಿಸಿಕೋ" ಅಂತ. ಅವನು ಹಡಗಿನಲ್ಲಿ ತನ್ನವರಿಗೆ ಹೇಳುವುದು, "ನಾನೊಬ್ಬನೇ ಕೇಳಬೇಕು ಅಂತ ಅವಳ ಅಪ್ಪಣೆ." ನೋಡಿ ಆಸಾಮಿಯ ಚಾಲಾಕಿತನ! ಸ್ವಲ್ಪ ಹೊತ್ತಿಗೆ ಸ್ಕಿಲ್ಲಾಳ ವಿಷಯವನ್ನು ಪೂರ್ತಿ ಮುಚ್ಚಿಡುತ್ತಾನೆ, ಹೇಳಿದರೆ ಭಯಬಿದ್ದು ಹುಟ್ಟು ಹಾಕುವುದನ್ನು ನಿಲ್ಲಿಸುತ್ತಾರೆ ಅಂತ. ಅವಳು ಆರು ಜನರನ್ನು ಎತ್ತಿಕೊಂಡು ಹೋಗುತ್ತಾಳೆ. ಇಷ್ಟನ್ನೂ ನಮಗೆ ಹೇಳುತ್ತಿರುವವನು ಹೋಮರ್ ಅಲ್ಲ, ಒಡಿಸ್ಸಿಯಸ್ಸೇ. ರಾಜ ಆಲ್ಸಿನೂಸ್‌ನ ಸಭೆಯಲ್ಲಿ ಕೂತು, ಮನೆಗೆ ಹೋಗಲು ಹಡಗು ಬೇಕಾಗಿದ್ದ ಹೊತ್ತಿನಲ್ಲಿ, ಅತಿಥಿಯಾಗಿ ಹೇಳುತ್ತಿರುವ ಕಥೆ ಇದು. ಹಡಗಿನಲ್ಲಿದ್ದ ಉಳಿದವರು ಅಷ್ಟರಲ್ಲಿ ಸತ್ತಿದ್ದರು, ಬದುಕಿದ್ದಾಗಲೂ ಅವರ ಕಿವಿಯಲ್ಲಿ ಮೇಣ ಇತ್ತು.