ವೈದ್ಯರಿಂದ ಮುಚ್ಚಿಟ್ಟ ಮಾತು

ಅಮೆರಿಕದ ವೈದ್ಯಕೀಯ ಸಂಘವು 1847ರಲ್ಲಿ ಹೊರತಂದ ನೀತಿಸಂಹಿತೆಯು ವೈದ್ಯರಿಗಷ್ಟೇ ಅಲ್ಲದೆ ರೋಗಿಗಳಿಗೂ ಕರ್ತವ್ಯಗಳನ್ನು ವಿಧಿಸಿತ್ತು. ವೈದ್ಯರ ಸೂಚನೆಯನ್ನು ಕೂಡಲೇ, ಮರುಮಾತಾಡದೆ ಪಾಲಿಸಬೇಕೆಂಬುದು ಅವುಗಳಲ್ಲೊಂದು. ಇಂದಿನ ವೈದ್ಯಕೀಯ ನೀತಿಶಾಸ್ತ್ರ ಅದನ್ನು ಒಪ್ಪುವುದಿಲ್ಲ. ವಿವರ ತಿಳಿದುಕೊಂಡು ಚಿಕಿತ್ಸೆಗೆ ಒಪ್ಪುವ ಅಥವಾ ಬೇಡವೆನ್ನುವ ಹಕ್ಕು ರೋಗಿಯದು, ಅದು ಹಾಗೆಯೇ ಇರಬೇಕು. ಆದರೆ ಬೇಡವೆಂದು ಬಾಯಿಬಿಟ್ಟು ಹೇಳುವುದಕ್ಕೂ, ತಲೆಯಾಡಿಸಿ ಮನೆಗೆ ಬಂದು ಮಾತ್ರೆಯನ್ನು ಪಕ್ಕಕ್ಕಿಡುವುದಕ್ಕೂ ಬಹಳ ಅಂತರವಿದೆ. ನನ್ನ ದೃಷ್ಟಿಯಲ್ಲಿ ರೋಗಿಯ ಮೊದಲ ಹೊಣೆ ನಿಜ ಹೇಳುವುದು.

ರಕ್ತದೊತ್ತಡದ ಮಾತ್ರೆಯನ್ನು ಎರಡು ದಿನಕ್ಕೊಮ್ಮೆ ನುಂಗುತ್ತಿರುವವರು ‘ತಪ್ಪದೆ ತೆಗೆದುಕೊಳ್ಳುತ್ತಿದ್ದೇನೆ’ ಎಂದರೆ, ಒತ್ತಡ ಇಳಿಯದ್ದನ್ನು ಕಂಡ ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ, ಇನ್ನೊಂದು ಔಷಧಿಯನ್ನೂ ಸೇರಿಸುತ್ತಾರೆ. ಮುಂದೆಂದೋ ಬೇರೆ ಕಾರಣಕ್ಕೆ ಆಸ್ಪತ್ರೆ ಸೇರಿದಾಗ ದಾದಿಯರು ಚೀಟಿಯಲ್ಲಿರುವ ಅಷ್ಟೂ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ಕೊಟ್ಟು, ಒತ್ತಡ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಎದೆನೋವೆಂದು ತುರ್ತು ವಿಭಾಗಕ್ಕೆ ಬಂದವರು ಸಿಲ್ಡೆನಾಫಿಲ್ (ವಯಾಗ್ರ ಎಂಬ ಹೆಸರಿನ, ಪುರುಷರ ಲೈಂಗಿಕ ದೌರ್ಬಲ್ಯದ ಮಾತ್ರೆ) ನುಂಗಿದ್ದನ್ನು ಸಂಕೋಚದಿಂದ ಮುಚ್ಚಿಟ್ಟರೆ, ಅಲ್ಲಿ ಕೊಡುವ ನೈಟ್ರೇಟ್ ಔಷಧಿಯೇ ಪ್ರಾಣಕ್ಕೆ ಎರವಾಗಬಹುದು; ರಕ್ತನಾಳಗಳು ಹಿಗ್ಗುವಂತೆ ನೈಟ್ರೇಟ್ ಹುಟ್ಟಿಸುವ ರಾಸಾಯನಿಕ ಸಂಕೇತವನ್ನು ಸಿಲ್ಡೆನಾಫಿಲ್ ಬೇಗ ಅಳಿಯಗೊಡುವುದಿಲ್ಲ, ಹಾಗಾಗಿ ರಕ್ತದೊತ್ತಡ ತೀರಾ ಕುಸಿಯಬಹುದು.

ಸೋಂಕಿನ ವಿಷಯದಲ್ಲಿ ಈ ಹೊಣೆ ರೋಗಿಯೊಬ್ಬರಿಗೇ ಮುಗಿಯುವುದಿಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲಿ ಒಬ್ಬ ಕಾಲ್ಪನಿಕ ರೋಗಿಯನ್ನು ಮುಂದಿಟ್ಟರು. ಗಂಟಲುನೋವಿಗೆ ಅರೆಬರೆ ಪ್ರಮಾಣದಲ್ಲಿ ಪೆನಿಸಿಲಿನ್ ತೆಗೆದುಕೊಂಡ ಆತನಿಂದ ಔಷಧಿಗೆ ಬಗ್ಗದ ಸೂಕ್ಷ್ಮಾಣು ಹೆಂಡತಿಗೆ ಅಂಟಿ, ಆಕೆ ಸಾಯುತ್ತಾಳೆ. ಆ ಸಾವಿಗೆ ಮುಖ್ಯವಾಗಿ ಗಂಡನೇ ಹೊಣೆ ಎಂದರು ಫ್ಲೆಮಿಂಗ್. ಕ್ಷಯರೋಗದಲ್ಲಿ ಇಂಥದ್ದು ಕಲ್ಪನೆಯಲ್ಲ. ಕೆಲವೇ ವಾರಗಳಲ್ಲಿ ಕೆಮ್ಮು, ಜ್ವರ ತಗ್ಗಿದರೂ ನಿಧಾನವಾಗಿ ಬೆಳೆಯುವ ಆ ಬ್ಯಾಕ್ಟೀರಿಯಾಗಳು ಒಳಗೆ ಉಳಿದಿರುತ್ತವೆ. ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು ನಡೆಯುವುದು ಅದಕ್ಕಾಗಿಯೇ. ಬಿಟ್ಟು ಬಿಟ್ಟು ತೆಗೆದುಕೊಂಡರೆ ಕ್ಷಯದ ಪ್ರಮುಖ ಔಷಧಿಯಾದ ರಿಫಾಂಪಿಸಿನ್‌ಗೆ ಜಗ್ಗದ ತಳಿ ಬಲಿಯಬಹುದು, ಮತ್ತು ಅದು ಎಂದೂ ಮಾತ್ರೆ ತಪ್ಪಿಸದವರಿಗೂ ಗಾಳಿಯ ಮೂಲಕ ಅಂಟಬಹುದು.

ಹಾಗೆಂದು ರೋಗಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದು ತಪ್ಪು. ಫ್ಲೆಮಿಂಗ್ ಅವರ ತೀರ್ಪು ನನಗೆ ಕಠಿಣವೆನಿಸುತ್ತದೆ. ಅಭಿವೃದ್ಧಿ ಹೊಂದಿದ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಯವರಲ್ಲಿ ಚಿಕಿತ್ಸೆಯನ್ನು ಹೇಳಿದಂತೆ ಪಾಲಿಸುವವರು ಸರಾಸರಿ ಅರ್ಧದಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿ ಹೇಳಿತ್ತು. ಇಷ್ಟು ಜನ ಎಡವುವುದರಲ್ಲಿ ಔಷಧಿಯ ಬೆಲೆ, ಅಡ್ಡಪರಿಣಾಮ, ಖಿನ್ನತೆ, ಅರ್ಥವಾಗದ ಸೂಚನೆಗಳ ಪಾಲೂ ಇದೆ. ತಪ್ಪಿದವರಿಗೆ ಚಿಕಿತ್ಸೆ ನಿರಾಕರಿಸುವುದಂತೂ ಸಲ್ಲದು. ‘ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ?’ ಎಂದರೆ ಹೌದೆನ್ನುವುದೇ ಸುಲಭ. ‘ಕಳೆದ ವಾರ ಎಷ್ಟು ದಿನ ತಪ್ಪಿತು?’ ಎಂದು ವೈದ್ಯರು ಸಹಜವಾಗಿ ಕೇಳಿದರೆ, ಎರಡೋ ಮೂರೋ ಎಂದು ಹೇಳಲು ರೋಗಿಗೂ ಧೈರ್ಯ ಬರುತ್ತದೆ.